ಕರಗಿಸದೆ ಕೂಡಿಸುವುದು



ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು ಕೆಡುವಾಗ ಮುಹೂರ್ತ ನೋಡಿಕೊಂಡೇ ಕೆಡುತ್ತದೆ. ವರ್ಷದ ಹೆಚ್ಚಿನ ಕಾಲ ಗೋಡೌನಿನ ಮೂಲೆಯಲ್ಲಿ ಗೋಣಿತಾಟು ಹೊದ್ದು ಕೂತಿರುವ ಯಂತ್ರ, ಅರೇಬಿಕಾ ಹಣ್ಣು ಕೊಯ್ದು ತಂದು ತೊಟ್ಟಿಗೆ ಸುರಿದ ಸಂಜೆಯೇ ಕಟಕ್ಕೆನ್ನುತ್ತದೆ. ಲೈಟು ಹಿಡಿದು ಬಗ್ಗಿ ನೋಡಿದರೆ ಬೇರಿಂಗು ಕೂರುವ ಬೀಡು ಕಬ್ಬಿಣದ ಕಿವಿ ಮುರಿದಿರುತ್ತದೆ. ಹಣ್ಣು ಕಾಯುವುದಿಲ್ಲ. ಕೊಯ್ದದ್ದನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ರಾಶಿ ಒಳಗೊಳಗೇ ಬಿಸಿಯಾಗಿ ಹುಳಿ ಹಿಡಿಯುತ್ತದೆ, ಸಿಪ್ಪೆ ಬಿಡಿಸಿ ಒಣಗಿಸಿದ ಬೀಜದ, ಅಂದರೆ ಪಾರ್ಚ್‌ಮೆಂಟಿನ ಗುಣ ಹೋಗುತ್ತದೆ. ಹಳೆಯ ಯಂತ್ರವಾದರೆ ಬಿಡಿಭಾಗದ ಮಾತೇ ಬೇಡ. ಸ್ಕಾಟ್ಲೆಂಡಿನ ಅಬರ್ಡೀನಿನ ಮೆಕಿನನ್, ಇಂಗ್ಲೆಂಡಿನ ಬೆಂಟಾಲ್ ಮುಂತಾದ ಕಂಪನಿಗಳು ಒಂದು ಕಾಲಕ್ಕೆ ಲೋಕದ ಕಾಫಿ ಸೀಮೆಗಳಿಗೆಲ್ಲ ಎರಕದ ಪಲ್ಪರುಗಳನ್ನು ಕಳಿಸಿದವು. ಅಂಥದರ ಕಿವಿ ಮುರಿದರೆ ಅಂಗಡಿಯಲ್ಲಿ ಕೇಳುವಂತಿಲ್ಲ, ಇದ್ದದ್ದನ್ನೇ ಕೂಡಿಸಬೇಕು.

ಸಕಲೇಶಪುರ ದಾಟಿ ಮಂಗಳೂರಿನ ಕಡೆಗೆ ಹೊರಟರೆ ಹೆದ್ದಾರಿಯಲ್ಲಿ ಆನೇಮಹಲ್ ಸಿಗುತ್ತದೆ. ಮುಂದೆ ದೋಣಿಗಾಲ್, ಅಲ್ಲಿ ಗುಡ್ಡದ ಮೇಲೆ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ, ಅದರಾಚೆ ಶಿರಾಡಿ ಘಾಟಿಯ ಇಳಿಜಾರು. ಸುತ್ತ ಕಾಫಿ, ಮೆಣಸು, ಏಲಕ್ಕಿ, ತಗ್ಗಿನಲ್ಲಿ ಗದ್ದೆ. ಈ ಸೀಮೆಯಲ್ಲಿ ಲೋಹ ಮುರಿಯುವುದಕ್ಕೆ ಕಾರಣಗಳಿಗೆ ಬರವಿಲ್ಲ. ಪಲ್ಪರು, ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ, ಮೆಣಸು ಬಿಡಿಸುವ ಯಂತ್ರ, ಹೂಮಳೆಗೆ ಕಾಯದೆ ಫೆಬ್ರವರಿ ಮಾರ್ಚಿನಲ್ಲಿ ನೀರು ಹಾರಿಸುವ ಸ್ಪ್ರಿಂಕ್ಲರು, ಏರಿನಲ್ಲಿ ಮೂಟೆ ಹೊತ್ತು ನರಳುವ ಜೀಪು. ಇಷ್ಟು ಸಾಲದೆಂಬಂತೆ ರಾತ್ರಿ ಆನೆ ಬಂದು ಗೇಟು ಮುರಿದು, ಅಲ್ಯೂಮಿನಿಯಂ ಪೈಪು ತುಳಿದು ಹೋಗುತ್ತದೆ. ಆಲೂರು, ಸಕಲೇಶಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುರಿದ ಭಾಗವನ್ನು ಜೀಪಿಗೆ ಹಾಕಿಕೊಂಡು ವರ್ಕ್‌ಶಾಪಿಗೆ ಹೋದಿರಿ ಅನ್ನಿ. ಅಲ್ಲಿ ಸಾಮಾನ್ಯವಾಗಿ ಮೂರು ಹಾದಿ. ಕಡ್ಡಿ ಸುಟ್ಟು ಮಾಡುವ ಕರೆಂಟ್ ವೆಲ್ಡಿಂಗ್ ಒಂದು. ಗ್ಯಾಸಿನ ಜ್ವಾಲೆಯಲ್ಲಿ ಹಿತ್ತಾಳೆ ಕಡ್ಡಿ ಕರಗಿಸಿ ಹರಿಸುವ, ಜನ ಹಿತ್ತಾಳೆ ವೆಲ್ಡಿಂಗ್ ಅನ್ನುವ ಕೆಲಸ ಇನ್ನೊಂದು. ಈಚೆಗೆ ಬಂದದ್ದು ಟಿಗ್. ನಮ್ಮವರ ಬಾಯಲ್ಲಿ ಆರ್ಗಾನ್ ವೆಲ್ಡಿಂಗ್. ಸ್ಟೀಲಿನ ರೇಲಿಂಗು, ಅಲ್ಯೂಮಿನಿಯಂ ಟ್ಯಾಂಕಿಗೆಂದು ತಂದ ಆ ಆರ್ಗಾನ್ ಟಾರ್ಚಿನಲ್ಲೇ ವೆಲ್ಡಿಂಗ್ ಮಾಡದೆ ಬ್ರೇಜಿಂಗ್ ಮಾಡಬಹುದು. ನಾನು ಇವತ್ತು ಮಾತಾಡಬೇಕೆಂದಿರುವುದು ಅದರ ಬಗ್ಗೆ. ನನ್ನ ವಾದ ಇಷ್ಟೇ: ನಮ್ಮ ತೋಟಗಳ ಹಳೆಯ ಎರಕಕ್ಕೆ ಮತ್ತು ತೆಳು ತಗಡಿಗೆ, ಲೋಹವನ್ನು ಕರಗಿಸಿ ಕೂಡಿಸುವುದಕ್ಕಿಂತ ಕರಗಿಸದೆ ಕೂಡಿಸುವುದು ಬಹಳ ಸಲ ಮೇಲು. ಟಾರ್ಚು ಕೈಯಲ್ಲಿದ್ದರೂ ಆ ತಾಳ್ಮೆ ಕಲಿತವರು ಕಡಿಮೆ.

ವೆಲ್ಡಿಂಗಿನಲ್ಲಿ ಎರಡು ತುಂಡುಗಳ ಅಂಚೂ ಕರಗಿ ಒಂದಾಗುತ್ತವೆ. ಬ್ರೇಜಿಂಗಿನಲ್ಲಿ ತುಂಡುಗಳು ಕಾಯುತ್ತವೆ, ಕರಗುವುದಿಲ್ಲ. ಕರಗುವುದು ನಡುವೆ ಹಾಕುವ ಕಡ್ಡಿ ಮಾತ್ರ. ಆ ಕಡ್ಡಿ 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕರಗುವಂಥದ್ದಾದರೆ ಸಾಲ್ಡರಿಂಗ್, ಮೇಲಾದರೆ ಬ್ರೇಜಿಂಗ್. ಈ ವಿದ್ಯೆ ನಮ್ಮಲ್ಲಿ ಹೊಸದೇನಲ್ಲ. ಅಕ್ಕಸಾಲಿ ಊದುಗೊಳವೆಯಿಂದ ದೀಪದ ಉರಿಯನ್ನು ಬಳೆಯ ಕೂಡಿಗೆ ಊದಿ, ಬಿಳಿಗಾರ ಹಚ್ಚಿ, ಬೆಳ್ಳಿ ತಾಮ್ರ ಬೆರೆತ ಚೂರು ಇಟ್ಟು ಹರಿಸುತ್ತಾನಲ್ಲ, ಅದು ಪಕ್ಕಾ ಬ್ರೇಜಿಂಗ್. ಹಳೆಯ ಸೈಕಲ್ಲಿನ ಪೈಪುಗಳು ಕೂಡುವ ಲಗ್ಗುಗಳ ಒಳಗೆ ಹರಿದು ಕೂತಿರುವುದೂ ಹಿತ್ತಾಳೆಯೇ. ಕೆರೆ ಏರಿಯ ಮೇಲೆ, ಕಲ್ಲುದಾರಿಯಲ್ಲಿ ದಶಕಗಟ್ಟಲೆ ಭತ್ತದ ಮೂಟೆ ಹೊತ್ತ ಸೈಕಲ್ಲುಗಳವು.

ಕೂಡಿಯ ಸಂದು ಕೂದಲೆಳೆಯಷ್ಟಿದ್ದರೆ, ಅಂದರೆ 0.05ರಿಂದ 0.12 ಮಿಲಿಮೀಟರ್ ಒಳಗಿದ್ದರೆ, ಕರಗಿದ ಲೋಹ ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ತಾನಾಗಿ ಒಳಗೆ ಸೇರಿಕೊಳ್ಳುತ್ತದೆ. ಸಂದು ಅದಕ್ಕಿಂತ ದೊಡ್ಡದಾದರೆ ಆ ಸೆಳೆತ ಇರುವುದಿಲ್ಲ. ಕರಗಿದ ಲೋಹವನ್ನು ಮೂಲೆಯಲ್ಲಿ ಏರಿಸಿ ಕಟ್ಟೆ ಕಟ್ಟಬೇಕು. ಟಿಗ್ ಟಾರ್ಚಿನಿಂದ ಮಾಡುವುದು ಬಹುಪಾಲು ಈ ಎರಡನೆಯ ಬಗೆ. ಕಾರಣ ಸರಳ. ಗ್ಯಾಸಿನ ಜ್ವಾಲೆ ಅಗಲವಾಗಿ ಹರಡಿ ಇಡೀ ಕೂಡಿಯನ್ನು ಒಂದೇ ಸಮನೆ ಕಾಯಿಸುತ್ತದೆ. ಟಿಗ್ ಟಾರ್ಚಿನ ವಿದ್ಯುತ್ ಕಿಡಿಯ, ಅಂದರೆ ಆರ್ಕಿನ, ಶಾಖವೋ ಒಂದು ಚುಕ್ಕೆಯಲ್ಲಿ ನಿಂತಿರುತ್ತದೆ. ಹಾಗಾಗಿ ಉದ್ದದ ಕೊಳವೆ ಕೂಡಿಯೊಳಗೆ ಬೆಳ್ಳಿ ಹರಿಸಬೇಕಾದರೆ ಗ್ಯಾಸ್ ಟಾರ್ಚೇ ಸರಿ. ಆರ್ಗಾನ್ ಮೆಷಿನ್ನು ತಂದೆವೆಂದು ಗ್ಯಾಸ್ ಸಿಲಿಂಡರು ಮಾರಿಬಿಡುವುದು ಜಾಣತನವಲ್ಲ.

ಟಿಗ್ ಟಾರ್ಚು ಹುಟ್ಟಿದ್ದೂ ಒಂದು ಹಟಮಾರಿ ಲೋಹದಿಂದ. ಅಮೆರಿಕದ ನಾರ್ತ್ರಪ್ ವಿಮಾನ ಕಂಪನಿಗೆ ಮೆಗ್ನೀಸಿಯಮ್ಮಿನ ವಿಮಾನ ಕಟ್ಟುವ ಆಸೆ. ಮೆಗ್ನೀಸಿಯಂ ಹಗುರ ನಿಜ, ಆದರೆ ಕಾಯಿಸಿದರೆ ಗಾಳಿಯೊಡನೆ ಸೇರಿ ಹೊತ್ತಿಕೊಳ್ಳುತ್ತದೆ. 1941ರ ಸುಮಾರಿಗೆ ಅಲ್ಲಿನ ರಸೆಲ್ ಮೆರೆಡಿತ್, ಕರಗದ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಹೊತ್ತಿಸಿ, ಸುತ್ತಲೂ ಹೀಲಿಯಂ ಅನಿಲ ಹರಿಸಿ ಗಾಳಿಯನ್ನು ದೂರವಿಟ್ಟ. 1942ರಲ್ಲಿ ಪೇಟೆಂಟೂ ಸಿಕ್ಕಿತು. ಹೀಲಿಯಂ ಬಳಸಿದ್ದರಿಂದ ಅದಕ್ಕೆ ಹೀಲಿಯಾರ್ಕ್ ಎಂದು ಹೆಸರಾಯಿತು. ಆಮೇಲೆ ಆ ಜಾಗಕ್ಕೆ ಆರ್ಗಾನ್ ಬಂತು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ ಹೆಚ್ಚುಕಡಿಮೆ ಒಂದು ಪಾಲು ಆರ್ಗಾನ್ ಇದೆ. 1894ರಲ್ಲಿ ರ‍್ಯಾಲೆ ಮತ್ತು ರ‍್ಯಾಮ್ಸೆ ಕಂಡುಹಿಡಿಯುವವರೆಗೆ ಅದು ಇಂಥ ಅನಿಲವೆಂದು ಯಾರಿಗೂ ತಿಳಿದಿರಲಿಲ್ಲ. ಅದು ಯಾವುದರ ಜೊತೆಗೂ ಸೇರುವುದಿಲ್ಲವಲ್ಲ. ವೆಲ್ಡರನಿಗೆ ಬೇಕಾದದ್ದೂ ಆ ಗುಣವೇ.

ಬ್ರೇಜಿಂಗಿಗೆ ಆರ್ಗಾನಿನಿಂದ ಆಗುವ ಉಪಕಾರ ಇದು. ಬಿಸಿ ಲೋಹದ ಮೇಲೆ ಆಕ್ಸೈಡಿನ ಪೊರೆ ಕಟ್ಟಿದರೆ ಕಡ್ಡಿಯ ಲೋಹ ಅಂಟುವುದಿಲ್ಲ. ಗ್ಯಾಸಿನ ಕೆಲಸದಲ್ಲಿ ಆ ಪೊರೆ ತೆಗೆಯುವುದಕ್ಕೇ ಬಿಳಿಗಾರದ ಫ್ಲಕ್ಸು ಹಾಕುವುದು. ಟಿಗ್‌ನಲ್ಲಿ ಆರ್ಗಾನು ಪೊರೆ ಕಟ್ಟದಂತೆ ಕಾಯುತ್ತದೆ, ಆದ್ದರಿಂದ ಫ್ಲಕ್ಸು ಬೇಡ. ಬೇಡ ಅನ್ನುವುದಕ್ಕಿಂತ ಹಾಕಲೇಬಾರದು: ಫ್ಲಕ್ಸು ಆರ್ಕಿಗೆ ಸಿಕ್ಕಿ ಸಿಡಿದು ಟಂಗ್‌ಸ್ಟನ್ ಮೊನೆಯನ್ನು ಹಾಳುಮಾಡುತ್ತದೆ. ಆದರೆ ಮೊದಲೇ ಇದ್ದ ತುಕ್ಕು, ಬಣ್ಣ, ಗ್ರೀಸನ್ನು ಆರ್ಗಾನು ತೆಗೆಯುವುದಿಲ್ಲ. ಆ ಕೆಲಸ ಅರದ್ದು, ನಿಮ್ಮ ತೋಳಿನದ್ದು.

ಕಡ್ಡಿ ಯಾವುದು? ಗ್ಯಾಸಿಗೆಂದು ಇಟ್ಟಿರುವ ಹಿತ್ತಾಳೆ ಕಡ್ಡಿಯನ್ನೇ ಆರ್ಕಿಗೆ ಹಿಡಿಯುವವರಿದ್ದಾರೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಸತು 907 ಡಿಗ್ರಿಗೇ ಕುದಿಯುತ್ತದೆ. ಆರ್ಕಿನ ಸಾವಿರಾರು ಡಿಗ್ರಿಯಲ್ಲಿ ಅದು ಬಿಳಿ ಹೊಗೆಯಾಗಿ ಎದ್ದು, ಕೂಡಿಯಲ್ಲಿ ತೂತು ಬಿಟ್ಟು, ಮೊನೆಗೆ ಮಸಿ ಬಳಿದು, ಕೆಲಸಗಾರನ ಎದೆಗೂ ಇಳಿಯುತ್ತದೆ. ಸಂಜೆ ಮನೆಗೆ ಹೋದ ಮೇಲೆ ಚಳಿ ಜ್ವರ, ಮೈಕೈ ನೋವು. ಒಂದೆರಡು ದಿನಕ್ಕೆ ಇಳಿಯುತ್ತದೆ. ಮಳೆಯಲ್ಲಿ ನೆಂದಿದ್ದಕ್ಕೆ ಬಂತು ಅಂದುಕೊಂಡು ಕಷಾಯ ಕುಡಿದು ಮಲಗುವವರೇ ಜಾಸ್ತಿ. ಜಿಂಕ್ ಶೀಟು, ಜಿ.ಐ. ಪೈಪಿನ ಮೇಲೂ ಇದೇ ಸತು ಇರುವುದರಿಂದ ಅಂಥ ಕೆಲಸದಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂರಬೇಕು, ಕೂಡಿಯ ಆಚೀಚೆ ಸತುವನ್ನು ಕೆರೆದಿರಬೇಕು.

ಟಿಗ್‌ಗೆ ಸಲ್ಲುವುದು ಸಿಲಿಕಾನ್ ಕಂಚಿನ ಕಡ್ಡಿ. ಅದರಲ್ಲಿ ನೂರಕ್ಕೆ ಸುಮಾರು 3 ಪಾಲು ಸಿಲಿಕಾನ್, ಒಂದು ಪಾಲು ಮ್ಯಾಂಗನೀಸ್, ಉಳಿದದ್ದು ತಾಮ್ರ. ಸತು ಹೆಸರಿಗಷ್ಟೆ. ಕರಗುವುದು 1,000 ಡಿಗ್ರಿಯ ಆಸುಪಾಸಿನಲ್ಲಿ. ಮೆದು ಉಕ್ಕು ಕರಗಲು 1,500 ಡಿಗ್ರಿ ಹತ್ತಿರ ಬೇಕು; ಬೀಡು ಕಬ್ಬಿಣಕ್ಕೆ 1,150ರಿಂದ 1,200 ಸಾಕು. ಈ ಲೆಕ್ಕವನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ. ಉಕ್ಕಿನಲ್ಲಿ ಕೈ ತಪ್ಪಲು 500 ಡಿಗ್ರಿಯಷ್ಟು ಅವಕಾಶವಿದೆ, ಬೀಡಿನಲ್ಲಿ 150 ಡಿಗ್ರಿ ಅಷ್ಟೇ.

ವೆಲ್ಡಿಂಗ್ ಕಲಿತ ಕೈಗೆ ಬ್ರೇಜಿಂಗ್ ಕಷ್ಟವಾಗುವುದು ಇಲ್ಲಿಯೇ. ವೆಲ್ಡರು ಆರ್ಕನ್ನು ಲೋಹದ ಮೇಲೆ ನಿಲ್ಲಿಸಿ, ಅದು ಕರಗಿ ಹೊಂಡವಾಗುವುದನ್ನೇ ಕಾದು, ಆಮೇಲೆ ಕಡ್ಡಿ ಅದ್ದುತ್ತಾನೆ. ಇಲ್ಲಿ ಹೊಂಡ ಕಂಡರೆ ಕೆಲಸ ಕೆಟ್ಟಿತು. ಆರ್ಕ್ ಹೊತ್ತಿಸಿ ಜಾಗವನ್ನು ಮಂದ ಕೆಂಪಿಗೆ ತಂದು, ಕಡ್ಡಿಯನ್ನು ಕೂಡಿಗೆ ತಾಗಿಸಿಟ್ಟು, ಆರ್ಕನ್ನು ಕಡ್ಡಿಯ ಮೇಲೇ ಹಿಡಿಯಬೇಕು. ಕರಗಿದ ಕಂಚಿನ ಬಿಸಿಯೇ ಮುಂದಿನ ಲೋಹವನ್ನು ಕಾಯಿಸಿ ತೋಯಿಸುತ್ತ ಹೋಗುತ್ತದೆ. 2 ಮಿಲಿಮೀಟರ್ ತಗಡಿಗೆ 50, 60 ಆಂಪಿಯರ್ ಸಾಕು, ಡಿ.ಸಿ.ಯಲ್ಲಿ ಟಾರ್ಚು ನೆಗೆಟಿವ್ ಕಡೆಗಿರಲಿ. ಒಂದು ದಪ್ಪ, ಒಂದು ತೆಳು ಇದ್ದರೆ ದಪ್ಪದ ಕಡೆಗೆ ಹೆಚ್ಚು ವಾಲಿಸಬೇಕು. ಕಂಚು ಅಂಚಿನಲ್ಲಿ ತೆಳುವಾಗಿ ಹರಡಿಕೊಂಡರೆ ಹಿಡಿದಿದೆ ಎಂದರ್ಥ. ಗುಂಡಗೆ ಮುತ್ತುಗಟ್ಟಿ ನಿಂತರೆ ಕಾವು ಸಾಲದು, ಇಲ್ಲವೇ ಕೊಳೆಯಿದೆ. ಹೊಂಬಣ್ಣದ ನಡುವೆ ಬೂದುಬಣ್ಣದ ಗಂಟುಗಳು ಕಂಡರೆ ಕೆಳಗಿನ ಕಬ್ಬಿಣ ಕರಗಿ ಮೇಲೆ ಬೆರೆತಿದೆ. ಆ ಕೂಡಿ ಪೆಡಸಾಗಿ, ಪೆಟ್ಟಿಗೆ ಬಿರಿಯುತ್ತದೆ.

ಈಗ ಪಲ್ಪರಿನ ಕಿವಿಗೆ ಬರೋಣ. ಬೀಡು ಕಬ್ಬಿಣದಲ್ಲಿ ಇಂಗಾಲ ನೂರಕ್ಕೆ ಎರಡೂವರೆಯಿಂದ ನಾಲ್ಕು ಪಾಲಿನವರೆಗೆ ಇರುತ್ತದೆ, ಅದೂ ಗ್ರಾಫೈಟಿನ ಹೆಕ್ಕಳೆಗಳ ರೂಪದಲ್ಲಿ. ಅದನ್ನು ಆರ್ಕಿನಲ್ಲಿ ಕರಗಿಸಿ ಬೇಗ ಆರಿಸಿದರೆ ಆ ಇಂಗಾಲ ಹೆಕ್ಕಳೆಯಾಗಿ ಕೂರಲು ಸಮಯ ಸಿಗದೆ ಕಬ್ಬಿಣದೊಡನೆ ಸೇರಿ, ಅರ ಕೂಡ ಹತ್ತದ ಬಿಳಿ ಬೀಡಾಗುತ್ತದೆ. ಸಾಮಾನ್ಯ ಕಡ್ಡಿಯಲ್ಲಿ ಕರೆಂಟ್ ವೆಲ್ಡಿಂಗ್ ಮಾಡಿಸಿದ ಕಿವಿ ಎರಡು ದಿನದ ಮೇಲೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಸೀಳುವುದು ಇದರಿಂದ. ನಿಕ್ಕಲ್ ಕಡ್ಡಿ ಹಾಕಿದರೆ ಸುಧಾರಿಸುತ್ತದೆ, ಬೆಲೆ ಜಾಸ್ತಿ. ಕಂಚಿನಲ್ಲಿ ಬ್ರೇಜ್ ಮಾಡಿದರೆ ಬೀಡು ಕರಗುವುದೇ ಇಲ್ಲವಾದ್ದರಿಂದ ಬಿಳಿ ಬೀಡಿನ ಕಾಟ ತಪ್ಪಿತು. ಜೊತೆಗೆ ಕಂಚು ಮೆದು. ತಣಿಯುವಾಗಿನ ಎಳೆತವನ್ನು ತಾನು ಬಗ್ಗಿ ತಾಳಿಕೊಳ್ಳುತ್ತದೆ.

ಆದರೆ ತಯಾರಿ ದೊಡ್ಡದು. ಹಳೆಯ ಎರಕ ವರ್ಷಗಟ್ಟಲೆ ಕುಡಿದ ಗ್ರೀಸು ಎಣ್ಣೆಯೆಲ್ಲ ಅದರ ರಂಧ್ರಗಳಲ್ಲಿರುತ್ತದೆ. ಮೊದಲು ತೊಳೆದು, ಆಮೇಲೆ ನಿಧಾನಕ್ಕೆ ಕಾಯಿಸಿ ಆ ಎಣ್ಣೆ ಬೆವರಿ ಸುಟ್ಟುಹೋಗುವವರೆಗೆ ಬಿಡಬೇಕು. ಬಿರುಕು ಮಾತ್ರ ಇದ್ದರೆ ಅದರ ತುದಿಗೊಂದು ಸಣ್ಣ ತೂತು ಕೊರೆಯಬೇಕು, ಅದು ಮುಂದಕ್ಕೆ ಓಡದಂತೆ. ಮುರಿದ ಅಂಚನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ತೆರೆಯಬೇಕು. ಇಲ್ಲಿ ಎಲ್ಲರೂ ಗ್ರೈಂಡರು ಎತ್ತಿಕೊಳ್ಳುತ್ತಾರೆ. ಗ್ರೈಂಡರಿನ ಕಲ್ಲು ಗ್ರಾಫೈಟನ್ನು ಮೇಲ್ಮೈಯ ಮೇಲೆಲ್ಲ ಸವರಿಬಿಡುತ್ತದೆ. ಪೆನ್ಸಿಲ್ಲಿನ ಕಡ್ಡಿಯೂ ಇದೇ ಗ್ರಾಫೈಟು, ಅದರ ಮೇಲೆ ಕಂಚು ಕೂರುವುದಿಲ್ಲ. ಕೊನೆಯ ಕೈಯನ್ನಾದರೂ ಒರಟು ಅರದಲ್ಲಿ ಮುಗಿಸಬೇಕು. ನಂತರ ಇಡೀ ಭಾಗವನ್ನು 200, 300 ಡಿಗ್ರಿಯಷ್ಟು ಸಮನಾಗಿ ಕಾಯಿಸಿಕೊಂಡು, ಒಂದೊಂದು ಅಂಗುಲದಷ್ಟೇ ಕಂಚು ಕೂರಿಸಿ, ಬಿಸಿಯಿರುವಾಗಲೇ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಮುಂದಕ್ಕೆ ಹೋಗಬೇಕು. ಮುಗಿದ ಮೇಲೆ ನೀರು ತೋರಿಸಬಾರದು, ಗಾಳಿಗೂ ಇಡಬಾರದು. ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ತೋಟದ ಮನೆಯಲ್ಲಿ ಬಚ್ಚಲೊಲೆಯ ಬೂದಿಗೇನು ಕೊರತೆ? ಅವಸರದ ದಿನ ಈ ಒಂದು ರಾತ್ರಿ ಕಾಯುವುದೇ ಸಂಕಟ. ಆದರೆ ಹಣ್ಣು ಹಾಳಾಗುತ್ತದೆಂದು ಬಿಸಿ ಕಿವಿಗೆ ಬೇರಿಂಗು ಬಡಿದವರ ಪಲ್ಪರು ಆ ಸೀಜನ್ನಿನಲ್ಲಿ ಎರಡನೆಯ ಸಲವೂ ವರ್ಕ್‌ಶಾಪು ನೋಡುತ್ತದೆ. ಪಕ್ಕದ ತೋಟದವರ ಪಲ್ಪರು ಒಂದು ದಿನಕ್ಕೆ ಕೇಳಿಕೊಳ್ಳುವುದು ಅಗ್ಗ.

ಪಲ್ಪರಿನ ಡ್ರಮ್ಮಿಗೆ ಸುತ್ತಿರುವ ಮೊಗ್ಗು ಎಬ್ಬಿಸಿದ ತಾಮ್ರದ ತಗಡು ಹರಿದರೆ? ಅಲ್ಲಿಗೆ ಈ ಟಾರ್ಚು ಬೇಡ. ತಾಮ್ರ ಕರಗುವುದೇ 1,085 ಡಿಗ್ರಿಗೆ. ಕಂಚಿಗೂ ಅದಕ್ಕೂ ಅಂತರವೇ ಇಲ್ಲ. ಬೆಳ್ಳಿ ಕಡ್ಡಿ ಅಥವಾ ಫ್ರಿಜ್ ರಿಪೇರಿಯವರು ಬಳಸುವ ತಾಮ್ರ-ರಂಜಕದ ಕಡ್ಡಿ ಗ್ಯಾಸಿನಲ್ಲಿ ಚೆನ್ನಾಗಿ ಹರಿಯುತ್ತದೆ. ಆದರೆ ಆ ರಂಜಕದ ಕಡ್ಡಿಯನ್ನು ಕಬ್ಬಿಣಕ್ಕೆ ಮುಟ್ಟಿಸಬೇಡಿ. ರಂಜಕವೂ ಕಬ್ಬಿಣವೂ ಸೇರಿ ಹಪ್ಪಳದ ಗುಣದ ಪದರವಾಗುತ್ತದೆ. ಹಳೆಯ ಬೆಳ್ಳಿ ಕಡ್ಡಿಗಳಲ್ಲಿ ಕ್ಯಾಡ್ಮಿಯಂ ಇರಬಹುದು, ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ ತನ್ನಿ. ಔಷಧಿ ಪಂಪಿನ ಹಿತ್ತಾಳೆ ಭಾಗಗಳಿಗೂ ಗ್ಯಾಸು, ಬೆಳ್ಳಿ, ಫ್ಲಕ್ಸು. ಆನೆ ತುಳಿದ ಅಲ್ಯೂಮಿನಿಯಂ ಪೈಪಿಗೆ ಟಿಗ್ ಬೇಕು, ಆದರೆ ಎ.ಸಿ. ಇಟ್ಟು ವೆಲ್ಡಿಂಗೇ ಮಾಡಿ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ, ಅದರ ಬ್ರೇಜಿಂಗ್ ಕಡ್ಡಿ 580ಕ್ಕೆ. ಬಣ್ಣ ಬದಲಿಸದೆಯೇ ಕುಸಿದುಬೀಳುವ ಲೋಹವನ್ನು ಅಷ್ಟು ಸಣ್ಣ ಅಂತರದಲ್ಲಿ ನಂಬುವುದು ಕಷ್ಟ.

ನಮ್ಮ ಮಳೆಯ ವಿಷಯ ಬೇರೆಯೇ ಇದೆ. ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಅದರಲ್ಲಿ ಚಾಕು ಅದ್ದಿ ನೋಡುತ್ತೀರಲ್ಲ? ಸುಣ್ಣ ಕಡಿಮೆಯಾಗಿದ್ದರೆ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕಬ್ಬಿಣ ಕರಗಿ, ಆ ಜಾಗಕ್ಕೆ ತಾಮ್ರ ಬರುವುದು ಅದು. ಕಬ್ಬಿಣವೂ ತಾಮ್ರವೂ ಒಂದೇ ನೀರಿನಲ್ಲಿ ನೆನೆದಾಗ ನಷ್ಟ ಯಾವಾಗಲೂ ಕಬ್ಬಿಣಕ್ಕೆ. ಕಂಚಿನ ಕೂಡಿಯಲ್ಲೂ ಅದೇ ನಡೆಯುತ್ತದೆ: ಜೂನಿನಿಂದ ಸೆಪ್ಟೆಂಬರಿನವರೆಗೆ ಒದ್ದೆಯಾಗಿಯೇ ಇರುವ ಗೇಟಿನಲ್ಲಿ, ಸ್ಪ್ರೇಯರಿನ ಸ್ಟ್ಯಾಂಡಿನಲ್ಲಿ ಕಂಚು ಹೊಳೆಯುತ್ತ ಕೂತಿರುತ್ತದೆ, ಅದರ ಅಂಚಿಗೆ ತಾಗಿದ ಉಕ್ಕು ತುಕ್ಕು ತಿಂದು ಸಣ್ಣಗಾಗುತ್ತದೆ. ಉಪಾಯ ಬಣ್ಣ. ಕಬ್ಬಿಣಕ್ಕೆ ಮಾತ್ರ ಬಳಿದು, ಕಂಚು ಚೆಂದ ಕಾಣುತ್ತದೆಂದು ಬಿಡಬೇಡಿ; ಎರಡನ್ನೂ ಮುಚ್ಚಬೇಕು.

ಮಳೆಗಾಲದ ಗಾಳಿಯೂ ಆರ್ಗಾನಿಗೆ ಶತ್ರು. ನಿಮಿಷಕ್ಕೆ 8, 10 ಲೀಟರ್ ಹರಿಯುವ ಅನಿಲದ ಹೊದಿಕೆಯನ್ನು ಬಾಗಿಲಿನಿಂದ ಬಂದ ಒಂದು ಬೀಸು ಎಳೆದುಕೊಂಡು ಹೋಗುತ್ತದೆ, ಕಂಚಿನಲ್ಲಿ ಗುಳ್ಳೆ ಏಳುತ್ತದೆ. ಗಾಳಿ ಜೋರೆಂದು ಅನಿಲ ಜಾಸ್ತಿ ಬಿಟ್ಟರೆ ಸುಳಿ ಎದ್ದು ಇನ್ನಷ್ಟು ಗಾಳಿಯನ್ನೇ ಒಳಗೆಳೆಯುತ್ತದೆ. ಟಾರ್ಪಾಲು ಕಟ್ಟಿ. ಹಾಗೆಂದು ಕಿಟಕಿ ಬಾಗಿಲೆಲ್ಲ ಬಿಗಿಯಬೇಡಿ. ಆರ್ಗಾನು ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ತೊಟ್ಟಿಯೊಳಗೆ, ಗುಂಡಿಯೊಳಗೆ ಇಳಿದು ಟಿಗ್ ಮಾಡುವವನಿಗೆ ಉಸಿರು ಕಟ್ಟುವ ಮುನ್ಸೂಚನೆ ಕೂಡ ಸಿಗುವುದಿಲ್ಲ, ಅದಕ್ಕೆ ವಾಸನೆಯಿಲ್ಲ.

ಮೂರು ಎಚ್ಚರಿಕೆ ಬಿಡುವಂತಿಲ್ಲ. ಬ್ರೇಕ್ ತೊಳೆಯುವ ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದರಲ್ಲಿ ತೊಳೆದ ಭಾಗ ಆರುವ ಮುಂಚೆ ಆರ್ಕ್ ಹೊತ್ತಿಸಿದರೆ ಫಾಸ್ಜೀನ್ ಅನಿಲ ಹುಟ್ಟುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷ ಅದು. ತೊಳೆಯಲು ಅಸಿಟೋನ್ ಬಳಸಿ; ಅದೂ ಪೂರ್ತಿ ಆರಿದ ಮೇಲೆಯೇ, ಡಬ್ಬಿ ದೂರವಿಟ್ಟು ಆರ್ಕ್ ಹೊತ್ತಿಸಿ. ಎರಡನೆಯದು, ಟಂಗ್‌ಸ್ಟನ್ ಕಡ್ಡಿಯ ತುದಿಯ ಬಣ್ಣ. ಕೆಂಪು ತುದಿಯದ್ದರಲ್ಲಿ ತುಸು ವಿಕಿರಣವುಳ್ಳ ಥೋರಿಯಂ ಇದೆ. ಉರಿಸಿದರೆ ತೊಂದರೆ ಅಷ್ಟಿಲ್ಲ, ಮೊನೆ ಮಾಡುವಾಗಿನ ಧೂಳು ಕುಡಿಯಬಾರದು. ಅದೇ ಕೆಲಸವನ್ನು ಲ್ಯಾಂಥನಮ್ಮಿನ ನೀಲಿ ಅಥವಾ ಬಂಗಾರದ ಬಣ್ಣದ ತುದಿ ಮಾಡುತ್ತದೆ, ಅದನ್ನೇ ಕೊಳ್ಳಿ. ಮೂರನೆಯದು, ಕಣ್ಣು. ಆಂಪಿಯರ್ ಕಡಿಮೆ, ಬೆಳಕು ಸಣ್ಣದೆಂದು ಮುಖವಾಡ ಬಿಟ್ಟು ಕಣ್ಣು ಕಿರಿದು ಮಾಡಿ ಕೆಲಸ ಮಾಡುವ ಹುಡುಗರಿಗೆ ರಾತ್ರಿ ಕಣ್ಣು ತಾನೇ ಪಾಠ ಹೇಳುತ್ತದೆ.

ಇನ್ನು, ಬ್ರೇಜಿಂಗ್ ಮಾಡಿಕೊಡಿ ಎಂದು ಜೀಪಿನ ಸ್ಟಿಯರಿಂಗ್ ಭಾಗ, ಬ್ರೇಕಿನ ಕೊಂಡಿ, ಮರದ ದಿಮ್ಮಿ ಎತ್ತುವ ಕೊಕ್ಕೆ ತಂದರೆ ವಾಪಸು ಕಳಿಸುವ ಧೈರ್ಯ ವರ್ಕ್‌ಶಾಪಿನವರಿಗಿರಬೇಕು. ಸೈಲೆನ್ಸರಿನ ಬುಡ, ಡ್ರೈಯರಿನ ಕುಲುಮೆ ಮುಂತಾಗಿ ಸದಾ ಕಾಯುವ ಕಡೆಯೂ ಕಂಚು ಬಲ ಕಳೆದುಕೊಳ್ಳುತ್ತದೆ. ಒಮ್ಮೆ ಕಂಚು ಮೆತ್ತಿದ ಜಾಗವನ್ನು ಆಮೇಲೆ ಉಕ್ಕಿನ ಕಡ್ಡಿಯಲ್ಲಿ ವೆಲ್ಡ್ ಮಾಡಲಾಗದು. ಉಳಿದ ತಾಮ್ರ ಉಕ್ಕಿನ ಕಣಗಳ ಸಂದಿಗೆ ಇಳಿದು ಸೀಳುತ್ತದೆ. ಹಾಗಾಗಿ ಹಳೆಯ ರಿಪೇರಿಯ ಮೇಲೆ ಇನ್ನೊಬ್ಬರ ಬಳಿ ಕೆಲಸ ಮಾಡಿಸುವಾಗ, ಮೊದಲು ಏನು ಹಾಕಿತ್ತು ಎಂಬುದನ್ನು ಹೇಳಿಬಿಡಿ. ಬಣ್ಣದ ಕೆಳಗೆ ಅದು ಕಾಣುವುದಿಲ್ಲ.

ಪಂಪಿನ ಕವಚ, ನೀರಿನ ಜಾಕೆಟ್ಟಿನಂಥವನ್ನು ಬ್ರೇಜ್ ಮಾಡಿಸಿದ್ದರೆ ಮನೆಗೆ ತರುವ ಮುಂಚೆ ಪರೀಕ್ಷೆ ಅಲ್ಲೇ ಮಾಡಿಸಿ. ಕೂಡಿಯ ಹೊರಮೈಗೆ ಸುಣ್ಣ ಬಳಿದು ಒಣಗಿಸಿ, ಒಳಮೈಗೆ ಸೀಮೆಎಣ್ಣೆ ಸವರಿ ಒಂದು ಕಾಫಿ ಕುಡಿದು ಬನ್ನಿ. ಸೂಜಿಮೊನೆಯಷ್ಟು ತೂತಿದ್ದರೂ ಎಣ್ಣೆ ಈಚೆಗೆ ಬಂದು ಸುಣ್ಣದ ಮೇಲೆ ಚುಕ್ಕೆ ಮೂಡುತ್ತದೆ. ಚುಕ್ಕೆ ಮೂಡಿದ ಕಡೆ ಮೇಲಿಂದ ಇನ್ನಷ್ಟು ಕಂಚು ತೇಪೆ ಹಾಕಲು ಬಿಡಬೇಡಿ; ಸೀಮೆಎಣ್ಣೆ ಪೂರ್ತಿ ತೊಳೆದು ಆರಿಸಿ, ಅಷ್ಟು ಭಾಗದ ಕಂಚನ್ನು ಕೆರೆದು ತೆಗೆದು, ಬುಡದಿಂದ ಮತ್ತೆ ಕೂರಿಸಬೇಕು.